ಬಯಲುಸೀಮೆಯ ಮನೆಯಲ್ಲಿ ಕಡಲ ವಸ್ತುಗಳು: ಮೊಳಕಾಲ್ಮೂರು ಸೀಮೆಯನ್ನು ಕುರಿತ ಒಂದು ವಿವೇಚನೆ

ಮೊಳಕಾಲ್ಮೂರು ತಾಲ್ಲೂಕಿನ ರಾಂಪುರದಿಂದ ಅರಬ್ಬೀ ಸಮುದ್ರವು ನೇರಗೆರೆಯಲ್ಲಿ ಸುಮಾರು 250 ಕಿಲೋಮೀಟರು ದೂರದಲ್ಲಿದೆ. ಪೂರ್ವದ ಕಡಲು ಇನ್ನೂ ದೂರ. ವರ್ಷಕ್ಕೆ 500 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ಈ ಬೆಂಗಾಡಿನ ಜನರ ಮನೆ ಮತ್ತು ಉಡುಗೆತೊಡುಗೆಗಳ ಪ್ರಸ್ತಾಪದಲ್ಲಿ ಕಡಲಿನ ಮಾತೆತ್ತುವುದು ಮೇಲುನೋಟಕ್ಕೆ ಅಸಂಗತವೆನಿಸಬಹುದು. ಆದರೆ ಈ ಸೀಮೆಯ ಮಣ್ಣನ್ನು ಅಗೆದಾಗ ಮೊದಲಿಗೇ ದೊರೆತ ಒಡವೆಗಳ ಸಾಲಿನಲ್ಲಿ ಕಡಲಿನಿಂದ ಬಂದ ವಸ್ತುವೊಂದು ಸೇರಿದೆ. ಕರಾವಳಿಯ ವಸ್ತುಗಳೂ ರೂಪಗಳೂ ಒಳನಾಡಿನ ಬಾಳಿನಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಗೆ ನೆಲಸಿದುವು, ಅವುಗಳ ಬೆಲೆ ಹೇಗೆ ಏರಿ ಇಳಿಯಿತು ಎಂಬುದನ್ನು ಈ ಲೇಖನದಲ್ಲಿ ಸಂಗ್ರಹವಾಗಿ ವಿವೇಚಿಸಲು ನಾವು ಪ್ರಯತ್ನಿಸಿದ್ದೇವೆ.

ಇದೇ ತಾಲ್ಲೂಕಿನ ಬ್ರಹ್ಮಗಿರಿಯ ಹೆಸರು ಇತಿಹಾಸದ ವಿದ್ಯಾರ್ಥಿಗಳಿಗೆ ಹೊಸದಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಇಲ್ಲಿಯೂ ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿಯೂ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅವರು ಇಲ್ಲಿ ನಡೆಸಿದ ಉತ್ಖನನವು ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಒಂದು ಕಾಲಕ್ರಮವನ್ನು ಒದಗಿಸಿತು. ಬೃಹತ್ ಶಿಲಾಸಮಾಧಿಗಳ ಪೈಕಿ ಒಂದರಲ್ಲಿ ಮೃತನೊಡನೆ 33 ಚಿನ್ನದ ಮಣಿ, 2 ಕಲ್ಲಿನ ಮಣಿ, 4 ತಾಮ್ರದ ಬಳೆ ಮತ್ತು ಒಂದು ಶಂಖ ದೊರೆತುವು. ಉಳಿದ ಕೆಲವು ಸಮಾಧಿಗಳಲ್ಲಿ ಇದ್ದುದು ಕೆಲವೇ ಮಡಕೆಗಳು.

ಈ ಎರಡು ಬಗೆಯ ಸಮಾಧಿಗಳನ್ನು ಒಟ್ಟಿಗಿಟ್ಟು ನೋಡಬೇಕು. ಆ ಶಂಖವು ಪೂಜೆಯ ವಸ್ತುವಾಗಿತ್ತೆಂದು ನಾವು ಅವಸರದಿಂದ ಹೇಳಲಾಗದು. ನಂತರದ ಕಾಲದ ಆಚಾರವನ್ನು ಹಿಂದಿನ ಕಾಲಕ್ಕೆ ಆರೋಪಿಸುವುದು ಇತಿಹಾಸಕಾರನಿಗೆ ತಕ್ಕುದಲ್ಲ. ಆದರೆ ಅದು ಚಿನ್ನದ ಜೊತೆಯಲ್ಲಿ ಇರಿಸಲು ಯೋಗ್ಯವಾದ ವಸ್ತುವಾಗಿತ್ತೆಂಬುದು ನಿಶ್ಚಯ. ಕಡಲ ದಡದಲ್ಲಿ ಮರಳಿನ ಮೇಲೆ ಬಿದ್ದಿರುವ ಶಂಖಕ್ಕೆ ಈ ಬೆಲೆ ಇಲ್ಲ. ಕೈಯಿಂದ ಕೈಗೆ, ಊರಿನಿಂದ ಊರಿಗೆ ಸಾಗಿಬಂದ ದಾರಿಯೇ ಅದಕ್ಕೆ ಬೆಲೆ ಕಟ್ಟಿತು. ಆ ಬೆಲೆಯನ್ನು ತೆರಬಲ್ಲವರು ಕೆಲವರು ಮಾತ್ರ ಇದ್ದರೆಂಬುದನ್ನು ಬರಿಯ ಮಡಕೆಗಳಿದ್ದ ಸಮಾಧಿಗಳು ಸೂಚಿಸುತ್ತವೆ.

ಎರಡನೆಯ ನಿದರ್ಶನವೂ ಬ್ರಹ್ಮಗಿರಿಯದೇ. ಸಮಾಧಿಗಳ ಕಾಲದ ಅನಂತರದ ಆಂಧ್ರ ಸ್ತರದಲ್ಲಿ, ಒಳಮೈಯ ಮೇಲೆ ಉರುಳುಚಕ್ರದಿಂದ ಒತ್ತಿದ ಸಣ್ಣ ಗೆರೆಗಳ ಅಲಂಕಾರವಿರುವ ನುಣುಪಾದ ತಟ್ಟೆಗಳ ಚೂರುಗಳು ದೊರೆತುವು. 1945ರಲ್ಲಿ ಪುದುಚೇರಿಯ ಬಳಿಯ ಅರಿಕಮೇಡು ಎಂಬ ರೇವುಪಟ್ಟಣದಲ್ಲಿ ಇಂಥವೇ ತಟ್ಟೆಗಳು ರೋಮನ್ ವಸ್ತುಗಳ ಜೊತೆಯಲ್ಲಿ ಸಿಕ್ಕಿದ್ದುವು. ಆ ಸಾಮ್ಯದ ಆಧಾರದ ಮೇಲೆಯೇ ವೀಲರ್ ಅವರು ಬ್ರಹ್ಮಗಿರಿಯ ಸ್ತರಗಳಿಗೆ ಕಾಲನಿರ್ಣಯ ಮಾಡಿದರು. ಅದೇ ಜಿಲ್ಲೆಯ ಚಂದ್ರವಳ್ಳಿಯಲ್ಲಿ ದೊರೆತ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿಯ ನಾಣ್ಯಗಳು ಈ ಸಂಪರ್ಕಕ್ಕೆ ಪುಷ್ಟಿ ಕೊಟ್ಟವು. ಮೊದಲು ಈ ತಟ್ಟೆಗಳು ಮೆಡಿಟರೇನಿಯನ್ ತೀರದಿಂದ ಬಂದವೆಂದು ಭಾವಿಸಲಾಗಿತ್ತು. ಮುಂದೆ ನಡೆದ ಜೇಡಿಮಣ್ಣಿನ ಪರೀಕ್ಷೆಗಳಿಂದ ಇವು ಭಾರತದಲ್ಲಿಯೇ ತಯಾರಾದವೆಂದು ತಿಳಿದುಬಂದಿದೆ. ವಸ್ತು ಈ ನೆಲದ್ದು. ಅಲಂಕಾರದ ಕ್ರಮಕ್ಕೆ ಮಾತ್ರ ಕಡಲಾಚೆಯ ಪ್ರೇರಣೆ ಇದ್ದಿರಬಹುದು. ಶಂಖದ ಕಾಲದಲ್ಲಿ ಕಡಲಿನ ವಸ್ತುವೇ ಬಂದಿತು. ತಟ್ಟೆಯ ಕಾಲದಲ್ಲಿ ರೇವಿನ ಅಭಿರುಚಿ ಬಂದಿತು. ಈ ವ್ಯತ್ಯಾಸವು ನಮ್ಮ ವಿಷಯಕ್ಕೆ ಮುಖ್ಯವಾದುದು.

ಇದೇ ಬಗೆಯ ಪರಿವರ್ತನೆಯನ್ನು ನಮ್ಮ ಅಜ್ಜಿಯರ ಕಾಲದ ಮನೆಗಳಲ್ಲಿಯೂ ಗುರುತಿಸಬಹುದು. ಹಸುಗೂಸಿಗೆ ಹಾಲು ಹಾಕುವ ಒಳಲೆಯು ಹಿತ್ತಾಳೆಯದಾಗಲಿ ಬೆಳ್ಳಿಯದಾಗಲಿ ಕಡಲ ಚಿಪ್ಪಿನ ಆಕಾರವನ್ನೇ ಉಳಿಸಿಕೊಂಡಿದೆ. ಕಡಲನ್ನು ಕಾಣದ ತಾಯಿ ಆ ಆಕಾರವನ್ನು ಮಗುವಿನ ತುಟಿಗೆ ಮುಟ್ಟಿಸಿದಳು. ಚೌಕಾಬಾರದ ಮನೆಗಳ ಮೇಲೆ ಉರುಳುವ ಕವಡೆಗೂ ಎಲ್ಲಮ್ಮನ ಜೋಗತಿಯ ಕೊರಳಿನ ಕವಡೆಸರಕ್ಕೂ ಮೂಲ ಹಿಂದೂ ಮಹಾಸಾಗರ. ಮಾಲ್ಡೀವ್ಸ್ ದ್ವೀಪಗಳು ಶತಮಾನಗಳ ಕಾಲ ಕವಡೆಯ ದೊಡ್ಡ ಆಕರವಾಗಿದ್ದುವು. ತಾಳಿಯ ಕರಿಮಣಿಗಳ ನಡುವೆ ಪೋಣಿಸಿದ ಹವಳವೂ ಕಡಲಿನದೇ. ದಾಸಯ್ಯನ ಕೈಯ ಶಂಖ ಜಾಗಟೆಗಳನ್ನಂತೂ ಬೇರೆಯಾಗಿ ಹೇಳಬೇಕಾಗಿಲ್ಲ. ಶಂಖದಿಂದ ಬಂದರೇ ತೀರ್ಥವೆಂಬ ಗಾದೆಯೂ ಕವಡೆ ಕಾಸಿನ ಕಿಮ್ಮತ್ತಿಲ್ಲವೆಂಬ ಮಾತೂ ಒಂದೇ ನಾಲಗೆಯ ಮೇಲೆ ನಿಂತಿವೆ. ಒಂದು ಕಡಲ ವಸ್ತು ಪೂಜ್ಯವಾಯಿತು, ಇನ್ನೊಂದು ಅಗ್ಗದ ಮಾತಿಗೆ ಉಪಮಾನವಾಯಿತು. ಅಪರೂಪವಾದದ್ದು ಮೇಲೇರುತ್ತದೆ, ಹೇರಳವಾದದ್ದು ಕೆಳಗಿಳಿಯುತ್ತದೆ ಎಂಬ ಅರ್ಥಶಾಸ್ತ್ರದ ಸೂತ್ರವನ್ನು ಜನರ ನುಡಿ ತನ್ನದೇ ರೀತಿಯಲ್ಲಿ ಹಿಡಿದಿಟ್ಟಿದೆ.

ಇನ್ನು ಮನೆಯ ಮಾಡಿನ ವಿಚಾರ. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿದ ಮಳೆ ಬೀಳುವುದರಿಂದ ಅಲ್ಲಿ ಮಾಡು ಇಳಿಜಾರಾಗಿರಲೇಬೇಕು. ಬಯಲುಸೀಮೆಯಲ್ಲಿ ಹಾಗಲ್ಲ. ತೊಲೆ ಜಂತೆಗಳ ಮೇಲೆ ಸಣ್ಣ ಕಟ್ಟಿಗೆ ಸೊಪ್ಪುಗಳನ್ನು ಹರಡಿ, ಮಣ್ಣು ಮೆತ್ತಿ, ಮಳೆಗಾಲಕ್ಕೆ ಮುಂಚೆ ನೀರನ್ನು ತಡೆಯುವ ಕರಲು ಮಣ್ಣು ಹಾಕಿದ ಮಟ್ಟಸವಾದ ಮಾಳಿಗೆ ಇಲ್ಲಿಯ ರೂಢಿ. ಬಿಸಿಲಿನ ತಾಪವನ್ನು ಅದು ತಡೆಯುತ್ತದೆ. ಕಾಳುಕಡ್ಡಿ ಒಣಗಿಸುವ ಕಣವಾಗುತ್ತದೆ. ಬೇಸಗೆಯ ರಾತ್ರಿ ಮಲಗುವ ಸ್ಥಳವೂ ಆಗುತ್ತದೆ. ಗವಾಕ್ಷಿಯ ಬೆಳಕಿನ ಕೋಲು ಒಳಗಿನ ನಡುಮನೆಗೆ ಇಳಿಯುತ್ತದೆ.

ಈ ಸೀಮೆಗೆ ಮಂಗಳೂರು ಹೆಂಚು ಬಂದದ್ದು ಒಂದು ಕುತೂಹಲಕರ ಘಟನೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಮೊದಲು ನೇಯ್ಗೆಯನ್ನೂ, 1865ರಲ್ಲಿ ಪ್ಲೆಬ್‌ಸ್ಟ್ ಅವರ ನೇತೃತ್ವದಲ್ಲಿ ನೇತ್ರಾವತಿಯ ದಡದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ಆರಂಭಿಸಿದರು. ಒಂದರ ಅಂಚು ಇನ್ನೊಂದಕ್ಕೆ ಕೂಡಿಕೊಳ್ಳುವ, ಒಂದೇ ಅಳತೆಯ ಈ ಹೆಂಚು ಹಗುರ, ಅಗ್ಗ, ದೂರ ಸಾಗಿಸಲು ಸುಲಭ. ಮಳೆಗಾಗಿ ಹುಟ್ಟಿದ ಈ ವಸ್ತು ಮಳೆಯಿಲ್ಲದ ನಾಡಿಗೂ ಬಂದಿತು. ಶಾಲೆ, ಕಚೇರಿ, ಬಂಗಲೆಗಳ ಮೇಲೆ ಕಾಣಿಸಿಕೊಂಡದ್ದರಿಂದ ಅದಕ್ಕೆ ಅಧಿಕಾರದ ಕಳೆ ಬಂದಿತು. ಕ್ರಮೇಣ ಒಳಮನೆಗೆ ಮಾಳಿಗೆ, ಮುಂದಿನ ಪಡಸಾಲೆಗೆ ಹೆಂಚು ಎಂಬ ಮಿಶ್ರ ಪದ್ಧತಿ ಬಯಲುಸೀಮೆಯ ಊರುಗಳಲ್ಲಿ ಕಾಣಬಂದಿತು. ಬಾಳಿಗೆ ಮಾಳಿಗೆ, ಮರ್ಯಾದೆಗೆ ಹೆಂಚು ಎಂದರೆ ತಪ್ಪಾಗಲಾರದು.

ಉಡುಗೆಯಲ್ಲಿ ಖಾಕಿಯ ಕಥೆಯೂ ಇಂಥದೇ. 1840ರ ದಶಕದಲ್ಲಿಯೇ ವಾಯವ್ಯ ಗಡಿಯ ಸೇನೆಯಲ್ಲಿ ಮಣ್ಣಿನ ಬಣ್ಣದ ಉಡುಪು ಬಳಕೆಗೆ ಬಂದಿತ್ತು. 1851ರಲ್ಲಿ ಮಂಗಳೂರಿಗೆ ಬಂದ ಹಾಲರ್ ಅವರು ಮಿಷನ್ನಿನ ನೇಯ್ಗೆಯ ಶಾಲೆಯಲ್ಲಿ ಖಾಕಿ ಬಣ್ಣವನ್ನು ಸಿದ್ಧಪಡಿಸಿದರೆಂದು ಪ್ರತೀತಿ. ಅದನ್ನು ಖಾಕಿಯ ಮೊದಲ ಉಗಮವೆಂದು ಹೇಳಲು ಬಾರದು. ಕರಾವಳಿಯ ಕಾರ್ಖಾನೆ ಅದರ ಪ್ರಸಾರಕ್ಕೆ ನೆರವಾಯಿತೆಂದು ಹೇಳಬಹುದು.

ಒಳನಾಡು ಬರಿಯ ಸ್ವೀಕರಿಸುವ ನಾಡೆಂದು ಇದರಿಂದ ತಿಳಿಯಬಾರದು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೊಳಕಾಲ್ಮೂರು ರೇಷ್ಮೆ ಸೀರೆ ಈ ಸೀಮೆಯಿಂದ ಹೊರನಾಡಿಗೆ ಹೋದ ಕೀರ್ತಿ. ಅಲ್ಲಿಯೂ ಒಂದು ಎಳೆ ಕಡಲಿನ ಕಡೆಗೆ ಚಾಚಿದೆ: ಕರ್ನಾಟಕದ ರೇಷ್ಮೆ ನೇಕಾರರಿಗೆ ಜರಿ ಒದಗಿಸುವ ಮುಖ್ಯ ಕೇಂದ್ರ ಸೂರತ್ತು, ಹಳೆಯ ರೇವುಪಟ್ಟಣ. ಮಗ್ಗದ ಗುಂಡಿಯಲ್ಲಿ ಕುಳಿತ ನೇಕಾರನ ಕೈಯಲ್ಲಿ ರೇವೂ ಬಯಲೂ ಒಂದಾಗುತ್ತವೆ.

ಇಂದು ಸಿಮೆಂಟಿನ ತಾರಸಿಯ ಮುಂದೆ ಮಾಳಿಗೆಯೂ ಹೆಂಚೂ ಒಟ್ಟಿಗೆ ಹಿಂದೆ ಸರಿಯುತ್ತಿವೆ. ಅಜ್ಜಿಯ ಒಳಲೆ ತೂಕದ ಲೆಕ್ಕದಲ್ಲಿ ಗುಜರಿಗೆ ಸೇರುತ್ತದೆ; ಮನೆ ಕೆಡವಿದಾಗ ಹೊರಬಿದ್ದ ಹಳೆಯ ಹೆಂಚು ಪಟ್ಟಣದ ವಸತಿಗೃಹಗಳಲ್ಲಿ ಕರಾವಳಿಯ ಶೈಲಿಯೆಂಬ ಹೆಸರಿನಲ್ಲಿ ಮತ್ತೆ ದುಬಾರಿಯಾಗುತ್ತದೆ. ಶಂಖಕ್ಕೆ ಬೆಲೆ ತಂದದ್ದು ದೂರ. ಹೆಂಚಿಗೆ ಈಗ ಬೆಲೆ ತಂದಿರುವುದು ಕಾಲದ ದೂರ.

ಶಾಸನಗಳು ದಾನ, ಯುದ್ಧ, ವಂಶಾವಳಿಗಳನ್ನು ಹೇಳುತ್ತವೆ. ಮನೆಯ ಒಳಲೆಯನ್ನಾಗಲಿ ಕರಲು ಮಣ್ಣನ್ನಾಗಲಿ ಹೇಳುವುದು ಅಪರೂಪ. ಮಣಿಪಾಲದ ಹಸ್ತಶಿಲ್ಪ ಗ್ರಾಮದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಡಿಸಿ ತಂದು ನಿಲ್ಲಿಸಿದರು. ಅಷ್ಟು ದೊಡ್ಡ ಕಾರ್ಯ ಎಲ್ಲರಿಗೂ ಸಾಧ್ಯವಿಲ್ಲ. ಆದರೆ ರಾಂಪುರದಂಥ ಊರಿನಿಂದ ಕಾಲೇಜಿಗೆ ಬರುವ ವಿದ್ಯಾರ್ಥಿ, ತನ್ನ ಮನೆಯನ್ನು ಕೆಡವುವ ಮುನ್ನ ಅದರ ನಕ್ಷೆಯನ್ನು ಬರೆಯಬಹುದು. ಪ್ರತಿಯೊಂದು ವಸ್ತುವಿನ ಹೆಸರು, ಅದು ಬಂದ ದಾರಿ, ಅದನ್ನು ಬಳಸಿದವರು ಯಾರೆಂಬುದನ್ನು ಹಿರಿಯರಿಂದ ಕೇಳಿ ದಾಖಲೆ ಮಾಡಬಹುದು. ಬ್ರಹ್ಮಗಿರಿಯ ಸಮಾಧಿಯಲ್ಲಿ ಶಂಖವನ್ನಿಟ್ಟವರು ಅದರ ಕಥೆಯನ್ನು ಬರೆದಿಡಲಿಲ್ಲ; ಬರೆಯುವ ವಿದ್ಯೆ ಅವರಿಗೆ ಇದ್ದಿತೆಂಬುದಕ್ಕೆ ಆಧಾರವಿಲ್ಲ. ನಮಗಾದರೋ ಅಂಥ ನೆಪವಿಲ್ಲ.