ಇಂಜೆಕ್ಟರ್ ಹೊಸದು, ನಡುಕ ಮಾತ್ರ ಹಳೆಯದೇ?

ಡೀಸೆಲ್ ಕಾರಿನ ನಾಲ್ಕೂ ಇಂಜೆಕ್ಟರ್ ಬದಲಾಯಿಸಿ, ದೊಡ್ಡ ಬಿಲ್ ಕಟ್ಟಿ ಬಂದಿದ್ದೀರಿ. ಓಡುವಾಗ ಪಿಕಪ್ ಚೆನ್ನಾಗಿಯೇ ಇದೆ. ಸಿಗ್ನಲ್‌ನಲ್ಲಿ ನಿಂತರೆ ಮಾತ್ರ ಸ್ಟೀರಿಂಗ್ ಗಡಗಡ, ಆರ್‌ಪಿಎಂ ಮುಳ್ಳು ಒಂದೆಡೆ ನಿಲ್ಲುವುದಿಲ್ಲ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಗಾಡಿ ‘ಮಿಸ್ಸಿಂಗ್ ಹೊಡೆಯುತ್ತಿದೆ’. ಅಂಗಡಿಯವರ ಜೊತೆ ಜಗಳಕ್ಕೆ ಹೋಗುವ ಮೊದಲು ಸ್ವಲ್ಪ ತಾಳಿ. ಇಂಥ ಹೊತ್ತಿನಲ್ಲಿ ಇಂಜೆಕ್ಟರಿಗಿಂತ ಅದನ್ನು ಕೂರಿಸಿದ ರೀತಿಯನ್ನೇ ಮೊದಲು ಅನುಮಾನಿಸಬೇಕು.

ಆಕ್ಸಿಲರೇಟರ್ ತುಳಿಯದೆ ಎಂಜಿನ್ ತಾನಾಗಿ ನಡೆಯುವುದೇ ಐಡ್ಲಿಂಗ್. ಸಾಮಾನ್ಯವಾಗಿ ನಿಮಿಷಕ್ಕೆ 750ರಿಂದ 850 ಸುತ್ತು. ಈಗಿನ ಕಾರುಗಳಲ್ಲಿರುವುದು ‘ಕಾಮನ್ ರೈಲ್’ ವ್ಯವಸ್ಥೆ. ಪಂಪು ಡೀಸೆಲನ್ನು ಒಂದು ದಪ್ಪ ಕೊಳವೆಗೆ ಒತ್ತಿ ತುಂಬುತ್ತದೆ. ಅಲ್ಲಿಂದ ಎಲ್ಲ ಇಂಜೆಕ್ಟರಿಗೂ ಸರಬರಾಜು. ಟೈರಿನ ಗಾಳಿ ಸುಮಾರು 2 ಬಾರ್ ಇದ್ದರೆ, ಇಲ್ಲಿ ಐಡ್ಲಿಂಗ್‌ನಲ್ಲೇ ಒತ್ತಡ 250–300 ಬಾರ್. ಯಾವ ಇಂಜೆಕ್ಟರ್ ಎಷ್ಟು ಹೊತ್ತು ತೆರೆಯಬೇಕೆಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ನಿರ್ಧರಿಸುತ್ತದೆ. ಐಡ್ಲಿಂಗ್‌ನಲ್ಲಿ ಒಂದು ಸಲಕ್ಕೆ ಬೀಳುವ ಡೀಸೆಲ್ ಕೆಲವೇ ಮಿಲಿಗ್ರಾಂ. ಹಾಗಾಗಿ ಒಂದು ಸಿಲಿಂಡರಿಗೆ ಚೂರು ಹೆಚ್ಚುಕಮ್ಮಿಯಾದರೂ ನಿಂತಾಗ ನಡುಕ ಬರುತ್ತದೆ. ವೇಗದಲ್ಲಿ ಅದು ಗೊತ್ತಾಗುವುದಿಲ್ಲ.

ಗ್ಯಾರೇಜಿನಲ್ಲಿ ಮೊದಲು ಕೇಳಬೇಕಾದ್ದು: ‘ಕೋಡಿಂಗ್ ಮಾಡಿದ್ದೀರಾ?’ ಒಂದೇ ಕಾರ್ಖಾನೆಯ ಇಂಜೆಕ್ಟರ್‌ಗಳ ಅಳತೆಯಲ್ಲೂ ತುಸು ವ್ಯತ್ಯಾಸ ಇರುತ್ತದೆ. ಆ ವ್ಯತ್ಯಾಸವನ್ನು ಕೋಡ್ ರೂಪದಲ್ಲಿ ಇಂಜೆಕ್ಟರಿನ ತಲೆಯ ಮೇಲೆ ಕೆತ್ತಿರುತ್ತಾರೆ. ಬಾಷ್‌ನವರದು ‘ಐಎಂಎ’ ಕೋಡ್, ಡೆಲ್ಫಿಯದು ‘ಸಿ2ಐ’, ಡೆನ್ಸೊದಲ್ಲಿ ಕ್ಯೂಆರ್ ಚೌಕ. ಎಷ್ಟನೇ ಸಿಲಿಂಡರಿಗೆ ಯಾವ ಕೋಡಿನದು ಕೂತಿದೆ ಎಂದು ಸ್ಕ್ಯಾನರ್ ಮೂಲಕ ಇಸಿಯುಗೆ ತಿಳಿಸಬೇಕು. ತಿಳಿಸದಿದ್ದರೆ ಅದು ಹಳೆಯ ಇಂಜೆಕ್ಟರಿನ ಲೆಕ್ಕದಲ್ಲೇ ಡೀಸೆಲ್ ಬಿಡುತ್ತಿರುತ್ತದೆ. ‘ಓಡಿಸ್ತಾ ಓಡಿಸ್ತಾ ತಾನೇ ಸರಿಹೋಗತ್ತೆ ಸಾರ್’ ಎಂಬ ಮಾತನ್ನು ಪೂರ್ತಿ ನಂಬಬೇಡಿ. ಇಸಿಯು ಸ್ವಲ್ಪ ಹೊಂದಿಸಿಕೊಳ್ಳುವುದು ನಿಜ, ಆದರೆ ಅದು ಕೋಡಿಂಗ್‌ಗೆ ಬದಲಿಯಲ್ಲ. ಕೋಡೇ ಬೇಡದ ಕೆಲವು ಮಾದರಿಗಳೂ ಇವೆ; ನಿಮ್ಮದು ಯಾವುದೆಂದು ಕೇಳಿಕೊಳ್ಳಿ.

ಎರಡನೆಯ ಅನುಮಾನ ಗಾಳಿ. ಪೈಪು ಬಿಚ್ಚಿದಾಗ ಒಳಗೆ ಸೇರಿದ ಗಾಳಿ ಹೋಗಿರದಿದ್ದರೆ ಬೆಳಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತದೆ, ಆದ ಮೇಲೂ ತಡವರಿಸುತ್ತದೆ. ಫಿಲ್ಟರ್ ಹತ್ತಿರ ಪಾರದರ್ಶಕ ಪೈಪ್ ಇದ್ದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಏರ್ ತೆಗೆದ ಮೇಲೂ ಗುಳ್ಳೆ ಬರುತ್ತಿದ್ದರೆ ಫಿಲ್ಟರ್ ಮುಚ್ಚಳದ ರಬ್ಬರ್ ರಿಂಗ್ ನೋಡಿಸಿ.

ಮೂರನೆಯದು ತಾಮ್ರದ ವಾಷರ್. ಇಂಜೆಕ್ಟರ್ ಕೂರುವ ಗುಂಡಿಯ ತಳದಲ್ಲಿ ಇದು ಇರುತ್ತದೆ; ಪ್ರತಿ ಸಲವೂ ಹೊಸದೇ ಹಾಕಬೇಕು. ಎಷ್ಟೋ ಸಲ ಹಳೆಯದು ಮಸಿ ಹಿಡಿದು ತಳಕ್ಕೇ ಅಂಟಿಕೊಂಡಿರುತ್ತದೆ. ಅದನ್ನು ಕಾಣದೆ ಮೇಲೊಂದು ಹಾಕಿದರೆ ಇಂಜೆಕ್ಟರಿನ ಮೂತಿ ಇರಬೇಕಾದಷ್ಟು ಕೆಳಗಿಳಿಯುವುದಿಲ್ಲ, ಸೀಲೂ ಆಗುವುದಿಲ್ಲ. ಬಾನೆಟ್ ಎತ್ತಿ ಕಿವಿಗೊಡಿ: ಎಂಜಿನ್ ತಲೆಯಿಂದ ‘ಚುಸ್ ಚುಸ್’ ಸದ್ದು, ಒಲೆ ಹೊಗೆಯಂಥ ವಾಸನೆ, ಇಂಜೆಕ್ಟರಿನ ಬುಡದಲ್ಲಿ ಡಾಂಬರಿನಂಥ ಗಟ್ಟಿ ಕಪ್ಪು ಇದ್ದರೆ ವಾಷರೇ ಕಾರಣ. ಬಿಟ್ಟರೆ ಆ ಕಪ್ಪು ಕಲ್ಲಿನಂತಾಗಿ ಮುಂದೆ ಇಂಜೆಕ್ಟರ್ ಹೊರತೆಗೆಯುವುದೇ ಕಷ್ಟ.

ಈ ಮೂರೂ ಸರಿಯಿದ್ದರೆ ಸ್ಕ್ಯಾನರಿನಲ್ಲಿ ‘ಕರೆಕ್ಷನ್ ವ್ಯಾಲ್ಯೂ’ ತೋರಿಸಲು ಹೇಳಿ. ಪ್ರತಿ ಸಿಲಿಂಡರಿಗೆ ಇಸಿಯು ಎಷ್ಟು ಡೀಸೆಲ್ ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಎಂಬ ಲೆಕ್ಕ ಇದು. ಒಂದರದ್ದು ಮಾತ್ರ ಉಳಿದವುಗಳಿಂದ ದೂರ ಇದ್ದರೆ ಆ ಇಂಜೆಕ್ಟರನ್ನು ಪಕ್ಕದ್ದರೊಂದಿಗೆ ಅದಲುಬದಲು ಮಾಡಿಸಿ, ಕೋಡನ್ನೂ ಬದಲಿಸಿ. ದೋಷ ಇಂಜೆಕ್ಟರಿನ ಜೊತೆಗೇ ಹೋದರೆ ಆ ಇಂಜೆಕ್ಟರ್ ಸರಿಯಿಲ್ಲ. ಬದಲಿಸಿಕೊಡಿ ಎಂದು ಕೇಳಲು ಈಗ ನಿಮ್ಮ ಬಳಿ ಪುರಾವೆ ಇದೆ. ಅದೇ ಸಿಲಿಂಡರಿನಲ್ಲೇ ಉಳಿದರೆ ಕಂಪ್ರೆಷನ್, ಅಂದರೆ ಒಳಗೆ ಗಾಳಿ ಬಿಗಿಯಾಗಿ ಒತ್ತಲ್ಪಡುತ್ತಿದೆಯೇ ಎಂದು ನೋಡಿಸಬೇಕು. ಆರ್‌ಪಿಎಂ ಮುಳ್ಳು ಅಲುಗದೆ ಕಾರು ಮಾತ್ರ ನಡುಗುತ್ತಿದ್ದರೆ ಇಂಜೆಕ್ಟರ್ ಬಿಟ್ಟು ಎಂಜಿನ್ ಮೌಂಟಿಂಗ್, ಅಂದರೆ ಎಂಜಿನ್ನಿಗೆ ಆಸರೆಯಾದ ರಬ್ಬರ್ ಭಾಗ, ನೋಡಿ.

ಒಂದು ಎಚ್ಚರಿಕೆ. ಹಳೆಯ ಜೀಪು, ಲಾರಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಒಂದೊಂದೇ ಪೈಪಿನ ನಟ್ ಸಡಿಲಿಸಿ ಮಿಸ್ಸಿಂಗ್ ಹಿಡಿಯುತ್ತಿದ್ದರು. ಕಾಮನ್ ರೈಲ್‌ನಲ್ಲಿ ಇದನ್ನು ಮಾಡಲೇಬಾರದು. ಸೋರಿಕೆ ಇದೆಯೇ ಎಂದು ಬೆರಳಿಟ್ಟೂ ನೋಡಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಖರ್ಚಿನ ಮಾತು. ವಾಷರ್ ಅಗ್ಗದ ಸಾಮಾನು. ಬಿಚ್ಚಿ ಕೂರಿಸುವ ಕೂಲಿಯೇ ಜಾಸ್ತಿ. ಹೊಸ ಇಂಜೆಕ್ಟರ್ ಒಂದಕ್ಕೇ ಎಷ್ಟೋ ಕಾರುಗಳಲ್ಲಿ ಹತ್ತು ಸಾವಿರ ದಾಟುವುದರಿಂದ ಅಗ್ಗದ ಪರೀಕ್ಷೆಗಳನ್ನು ಮೊದಲು ಮುಗಿಸಿ. ಕಾರಿನ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್‌ನ ಸಣ್ಣ ಓಬಿಡಿ ಸಾಧನಗಳು ದೋಷ ಓದಲು ಸಾಕು, ಕೋಡಿಂಗ್‌ಗೆ ಸಾಮಾನ್ಯವಾಗಿ ಸಾಲವು. ಅದಕ್ಕೆ ಕಂಪನಿ ಸರ್ವಿಸ್ ಸೆಂಟರ್ ಅಥವಾ ಟೆಸ್ಟ್ ಬೆಂಚ್ ಇರುವ ಡೀಸೆಲ್ ಪಂಪ್ ರಿಪೇರಿಯವರೇ ಬೇಕು. ಈ ಕೆಲಸ ಬಲ್ಲ ಹಳೆಯ ಕೈಗಳು ನಮ್ಮಲ್ಲಿ ಇನ್ನೂ ಇವೆ.

ಇಂಜೆಕ್ಟರ್ ಕೂರಿಸಿದ ಮೇಲೆ ಕೋಡ್ ಓದುವುದು ಕಷ್ಟ. ಮುಂದಿನ ಸಲ ಕೂರಿಸುವ ಮೊದಲೇ ನಾಲ್ಕರದ್ದೂ ಫೋಟೋ ತೆಗೆದಿಟ್ಟುಕೊಳ್ಳಿ, ಬಿಲ್ ಮೇಲೂ ಬರೆಸಿಕೊಳ್ಳಿ.