ಹಿಂದೆ ಎತ್ತರ, ಎಡಕ್ಕೆ ವಾಲು: ಹೊಸ ಪಿಕಪ್‌ನ ಮೇಲಿನ ದೂರುಗಳು

ಮೂಲನೂರಿನ ನುಗ್ಗೆಕಾಯಿ ಒಡ್ಡನ್‌ಚತ್ರಂ ಮಾರುಕಟ್ಟೆ ಸೇರುವುದೂ, ಪಲ್ಲಡಂ ಕಡೆಯ ಫಾರಂ ಕೋಳಿ ಅಂಗಡಿಗೆ ಬರುವುದೂ ಪಿಕಪ್‌ನಲ್ಲೇ. ಧಾರಾಪುರಂ ಸುತ್ತಮುತ್ತ ಹೊಸ ಗಾಡಿಗೆ ಪೂಜೆ ಮುಗಿದು ನಿಂಬೆಹಣ್ಣು ಚಕ್ರದಡಿ ಅಪ್ಪಚ್ಚಿಯಾಗುವ ಹೊತ್ತಿಗೆ ಯಾರಾದರೊಬ್ಬರು ತಗಾದೆ ತೆಗೆಯುತ್ತಾರೆ: ‘ಹಿಂದುಗಡೆ ಎತ್ತಿಕೊಂಡಿದೆ, ಎಡಕ್ಕೆ ಬೇರೆ ವಾಲಿದೆ. ನಿಮಗೆ ಟೋಪಿ ಹಾಕಿದ್ದಾರೆ!’

ಹಿಂದುಗಡೆ ಎತ್ತರವಿರುವುದು ದೋಷವಲ್ಲ, ಬೇಕೆಂದೇ ಮಾಡಿದ್ದು. ಸರಕಿನ ಭಾರ ಬಹುಪಾಲು ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ. ಆ ಭಾರಕ್ಕೆಂದು ಮಾಡಿದ ಸ್ಪ್ರಿಂಗ್ ಪ್ಲೇಟುಗಳ ಕಟ್ಟು ಗಾಡಿ ಖಾಲಿ ಇದ್ದಾಗ ಹೆಚ್ಚು ಬಾಗುವುದಿಲ್ಲ. ಲೋಡ್ ಹೇರಿದರೆ ಗಾಡಿ ಸಮಕ್ಕೆ ಬರುತ್ತದೆ. ಕೆಲವು ಗಾಡಿಗಳಲ್ಲಿ ಒಂದು ದಪ್ಪ ಪ್ಲೇಟಿಗೂ ಉಳಿದವಕ್ಕೂ ನಡುವೆ ಸಂದು ಕಾಣುತ್ತದೆ. ಅದೂ ಸಡಿಲವಾದದ್ದಲ್ಲ, ಭಾರ ಹೆಚ್ಚಿದಾಗಷ್ಟೇ ಕೆಲಸಕ್ಕೆ ಇಳಿಯುವ ಪ್ಲೇಟು.

ಎಡ–ಬಲದ ವಾಲು ಇಷ್ಟು ಸಲೀಸಲ್ಲ. ಮಳೆನೀರು ಹರಿದುಹೋಗಲೆಂದು ಡಾಂಬರು ರಸ್ತೆಯನ್ನು ನಡುವಿನಿಂದ ಅಂಚಿಗೆ ಇಳಿಜಾರು ಮಾಡಿರುತ್ತಾರೆ. ಇಳಿಜಾರು ನೂರಕ್ಕೆ ಎರಡೂವರೆಯಷ್ಟಿದ್ದು, ಚಕ್ರಗಳ ನಡುವೆ 1.4 ಮೀಟರ್ ಅಂತರವಿದ್ದರೆ ಎಡಚಕ್ರ ಮೂರೂವರೆ ಸೆಂಟಿಮೀಟರ್ ತಗ್ಗಿನಲ್ಲಿರುತ್ತದೆ. ರಸ್ತೆಬದಿಯಲ್ಲಿ ನಿಲ್ಲಿಸಿ ಅಂಗಡಿ ಷಟರಿಗೆ ಹೋಲಿಸಿ ನೋಡಿದವರಿಗೆ ಗಾಡಿ ವಾಲದೆ ಇನ್ನೇನು ಕಂಡೀತು? ಡೀಸೆಲ್ ಟ್ಯಾಂಕ್ ಒಂದೇ ಬದಿಗಿರುತ್ತದೆ. 60 ಲೀಟರ್ ಡೀಸೆಲ್ ಎಂದರೆ ಹತ್ತಿರ ಹತ್ತಿರ 50 ಕೆ.ಜಿ. ಬ್ಯಾಟರಿ, ಸ್ಟೆಪ್ನಿಗಳೂ ನಟ್ಟನಡುವೆ ಇರಲೇಬೇಕೆಂದಿಲ್ಲ. ಎಡ–ಬಲದ ನಡುವೆ ಸಣ್ಣ ವ್ಯತ್ಯಾಸವನ್ನು ಕಂಪನಿಗಳೂ ಒಪ್ಪುತ್ತವೆ. ನಿಮ್ಮ ಮಾಡೆಲ್‌ಗೆ ಎಷ್ಟು ಎಂಬುದನ್ನು ಸರ್ವೀಸ್ ಸೆಂಟರಿನಲ್ಲೇ ಕೇಳಿ.

ಟೇಪು ಹಿಡಿಯುವುದಾದರೆ ಸಮತಟ್ಟಾದ ಕಾಂಕ್ರೀಟ್ ನೆಲ ಬೇಕು. ಗಾಡಿ ಖಾಲಿ ಇರಲಿ, ಎಡ–ಬಲದ ಟೈರುಗಳಲ್ಲಿ ಗಾಳಿ ಒಂದೇ ಸಮ ಇರಲಿ. ಪ್ಲೇಟುಗಳು ಒಂದಕ್ಕೊಂದು ಉಜ್ಜಿಕೊಂಡು ಬಿಗಿ ಹಿಡಿದಿರುತ್ತವೆ, ಹಾಗಾಗಿ ಗಾಡಿಯನ್ನು ನಾಲ್ಕು ಮಾರು ಹಿಂದೆ ಮುಂದೆ ಓಡಿಸಿ, ಬಾಡಿಯನ್ನು ಒತ್ತಿ ಕುಲುಕಿ, ಆಮೇಲೆ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಬೇಕು. ನೆಲದಿಂದ ಅಳೆದರೆ ಟೈರಿನ ಲೆಕ್ಕವೂ ಸೇರಿಬಿಡುತ್ತದೆ.

‘ಶಾಕ್ ಅಬ್ಸಾರ್ಬರ್ ಬಿದ್ದುಹೋಗಿದೆ, ಅದಕ್ಕೇ ಕುಸಿದಿದೆ’ ಎನ್ನುವವರಿದ್ದಾರೆ. ಶಾಕ್ ಕುಲುಕಾಟವನ್ನು ತಡೆಯುತ್ತದೆ, ಭಾರ ಹೊರುವುದು ಪ್ಲೇಟು. ‘ಸಾವಿರ ಕಿಲೋಮೀಟರ್ ಓಡಿದರೆ ತಾನೇ ಸರಿಹೋಗುತ್ತದೆ’ ಎಂಬುದು ಅರ್ಧ ನಿಜ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ, ಆದರೆ ಎರಡೂ ಬದಿ ಕೂರುತ್ತದೆ. ಎದ್ದುಕಾಣುವ ವಾಲು ಹಾಗೆ ಮಾಯವಾಗುವುದಿಲ್ಲ.

ಇವೆಲ್ಲಕ್ಕಿಂತ ಅಪಾಯದ್ದು, ‘ಒಂದು ಪ್ಲೇಟು ಜಾಸ್ತಿ ಹಾಕಿಸಿಬಿಡಿ’ ಎಂಬ ಸಲಹೆ. ಹಲವು ಪಿಕಪ್‌ಗಳಲ್ಲಿ ಚಾಸಿಸ್‌ಗೂ ಹಿಂದಿನ ಆಕ್ಸಲ್‌ಗೂ ನಡುವೆ ಒಂದು ಸರಳು ಜೋಡಿಸಿದ ಬ್ರೇಕ್ ವಾಲ್ವ್ ಇರುತ್ತದೆ. ಭಾರಕ್ಕೆ ಚಾಸಿಸ್ ಇಳಿದಷ್ಟೂ ಹಿಂದಿನ ಬ್ರೇಕಿಗೆ ಅದು ಹೆಚ್ಚು ಒತ್ತಡ ಬಿಡುತ್ತದೆ. ಹೆಚ್ಚುವರಿ ಪ್ಲೇಟು ಬಿದ್ದ ಗಾಡಿ ತುಂಬಿದ್ದರೂ ಅಷ್ಟಾಗಿ ಇಳಿಯುವುದಿಲ್ಲ. ಖಾಲಿ ಇದೆಯೆಂದೇ ವಾಲ್ವ್ ಲೆಕ್ಕ ಹಾಕುತ್ತದೆ. ಹಿಂದಿನ ಬ್ರೇಕು ಸಾಲದೆ ಕೆಲಸವೆಲ್ಲ ಮುಂದಿನ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ. ತಾಳವಾಡಿಯ ನಮ್ಮ ಕನ್ನಡದ ರೈತರ ಕೋಸು ತುಂಬಿಕೊಂಡು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿಯುವ ಚಾಲಕರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಪ್ಲೇಟು ಕೂಡಿಸಿದ್ದಕ್ಕೆ ಆರ್‌ಸಿಯಲ್ಲಿ ಬರೆದ ತೂಕವೇನೂ ಏರುವುದಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಮಿತಿಮೀರಿದ ಲೋಡಿಗೆ ದಂಡ 20,000 ರೂಪಾಯಿ. ಮೇಲೆ ಹೆಚ್ಚುವರಿ ಟನ್ನಿಗೆ ತಲಾ 2,000.

ಅಳೆದ ಮೇಲೂ ವಾಲು ನಿಜವೆಂದು ಕಂಡರೆ ಹೊರಗಿನ ಗ್ಯಾರೇಜಿನಲ್ಲಿ ಏನನ್ನೂ ಬಿಚ್ಚಿಸದೆ ಮೊದಲು ಸರ್ವೀಸ್ ಸೆಂಟರಿನ ಜಾಬ್ ಕಾರ್ಡಿನಲ್ಲಿ ಅಳತೆ ಬರೆಸಿ. ಬಾಡಿ ಕಟ್ಟಿದವರು ಒಂದೇ ಬದಿಗೆ ಭಾರ ಹಾಕಿದ್ದಾರೆಯೇ, ಗಾಡಿ ಜಾಕಿನ ಮೇಲೆ ತೂಗುತ್ತಿದ್ದಾಗಲೇ ರಬ್ಬರ್ ಬುಷ್ಷಿನ ಬೋಲ್ಟು ಬಿಗಿದು ಬುಷ್ ತಿರುಚಿಕೊಂಡಿದೆಯೇ ಎಂದು ನೋಡಿಸಿ. ಆಗಲೂ ತಿಳಿಯದಿದ್ದರೆ ಹಿಂದಿನ ಎರಡೂ ಕಟ್ಟುಗಳನ್ನು ಅದಲುಬದಲು ಮಾಡಿ ಅಳೆಯಲು ಕೇಳಬಹುದು. ಕಟ್ಟಿನ ಜೊತೆಗೇ ವಾಲು ಬಲಕ್ಕೆ ಬಂದರೆ ಸ್ಪ್ರಿಂಗನ್ನೇ ಬದಲಿಸಬೇಕು. ಎಡದಲ್ಲೇ ಉಳಿದರೆ ಶಾಕಲ್, ಬ್ರಾಕೆಟ್, ಚಾಸಿಸ್‌ಗಳತ್ತ, ಮುಂದಿನ ಸ್ಪ್ರಿಂಗಿನತ್ತಲೂ ನೋಡಬೇಕು.