ನಸುಕಿನಲ್ಲಿ ಬರುವ ಎದೆನೋವು

ಜಯಪುರದ ಅಕ್ಕಂದಿರೇ,

ಯಜಮಾನರಿಗೆ ಹೃದಯದ ಬೈಪಾಸ್ ಆಪರೇಷನ್ ಆಗಿದೆ ಅಂತ ಇಟ್ಟುಕೊಳ್ಳಿ. ಮಣಿಪಾಲಕ್ಕೋ ಬೆಂಗಳೂರಿಗೋ ಹೋಗಿ ಮಾಡಿಸಿ ಬಂದಿದ್ದೀರಿ. ಒಂದು ದಿನ ನಸುಕಿನಲ್ಲಿ ಅವರು ಎದ್ದು ಕೂರುತ್ತಾರೆ. "ಎದೆ ಹಿಂಡಿದ ಹಾಗೆ ಆಗ್ತಿದೆ ಮಾರಾಯ್ತಿ" ಅನ್ನುತ್ತಾರೆ. ಹತ್ತು ನಿಮಿಷಕ್ಕೆ ನೋವು ಹೋಗುತ್ತದೆ. "ಗ್ಯಾಸ್ ಇರಬೇಕು" ಅಂತ ಮತ್ತೆ ಮಲಗುತ್ತಾರೆ.

ಅದನ್ನು ಗ್ಯಾಸ್ ಅಂತ ಬಿಡಬೇಡಿ.

ತೋಟಕ್ಕೆ ನಾವು ಪೈಪಿನಲ್ಲಿ ನೀರು ಬಿಡುತ್ತೇವೆ. ಒಳಗೆ ಕೆಸರು ಕಟ್ಟಿದರೆ ನೀರು ನಿಲ್ಲುತ್ತದೆ. ಪೈಪನ್ನು ಯಾರಾದರೂ ತುಳಿದರೂ ನಿಲ್ಲುತ್ತದೆ. ಕಾಲು ತೆಗೆದರೆ ಮತ್ತೆ ಹರಿಯುತ್ತದೆ. ಹೃದಯಕ್ಕೆ ರಕ್ತ ಕೊಡುವ ನಾಳವೂ ಹಾಗೇ. ಒಳಗೆ ಕೊಬ್ಬು ಕಟ್ಟಿದ್ದಕ್ಕೆ ಬೈಪಾಸ್ ಮಾಡಿದರು. ಕಾಲಿನ, ಎದೆಯ ಒಳಗಿನ ಇಲ್ಲವೆ ಕೈಯ ನಾಳವನ್ನು ಜೋಡಿಸಿ ರಕ್ತಕ್ಕೆ ಬೇರೆ ದಾರಿ ಮಾಡಿದರು. ಆದರೆ ನಾಳ ತಾನಾಗಿಯೇ ಹಿಂಡಿಕೊಳ್ಳುವುದೂ ಉಂಟು. ಕಾಲಿನ ಮೀನಖಂಡ ಹಿಡಿದುಕೊಳ್ಳುತ್ತದಲ್ಲ, ಹಾಗೆ. ಕೈಯಿಂದ ತೆಗೆದ ನಾಳಕ್ಕೆ ಈ ಗುಣ ಜಾಸ್ತಿ. ಹೆಚ್ಚಾಗಿ ಇದು ಆಪರೇಷನ್ ಆದ ಹೊಸದರಲ್ಲಿ, ಆಸ್ಪತ್ರೆಯಲ್ಲಿರುವಾಗಲೇ ಆಗುತ್ತದೆ. ಅಪರೂಪಕ್ಕೆ ಮನೆಗೆ ಬಂದ ಮೇಲೂ ಬರುತ್ತದೆ.

ಹೊಲಿಗೆಯ ನೋವು ಬೇರೆ, ಇದು ಬೇರೆ. ಹೊಲಿಗೆಯ ನೋವು ಕೆಮ್ಮಿದರೆ, ಮಗ್ಗುಲಾದರೆ, ಮುಟ್ಟಿದರೆ ಹೆಚ್ಚುತ್ತದೆ. ಇದು ಸುಮ್ಮನೆ ಮಲಗಿದ್ದಾಗಲೇ ಬರಬಹುದು. ಎದೆಯ ಮೇಲೆ ಭಾರ ಇಟ್ಟ ಹಾಗೆ. ಕೈಗೆ, ದವಡೆಗೆ, ಬೆನ್ನಿಗೆ ಹರಿಯುತ್ತದೆ. ಬೆವರು ಬರುತ್ತದೆ. ಹೆಂಗಸರಾದ ನಮಗೆ ಒಮ್ಮೊಮ್ಮೆ ನೋವು ಕಡಿಮೆ. ಸುಸ್ತು, ವಾಕರಿಕೆ, ಉಬ್ಬಸ ಇಷ್ಟೇ ಇರಬಹುದು. ನಾವು ಅದನ್ನು ಯಾರಿಗೂ ಹೇಳುವುದೂ ಇಲ್ಲ!

ನೋವು ಬಂದಾಗ ಅವರನ್ನು ಕೂರಿಸಿ. ನಾಲಿಗೆ ಕೆಳಗೆ ಇಡುವ ಮಾತ್ರೆಯನ್ನು ಡಾಕ್ಟರು ಕೊಟ್ಟಿದ್ದರೆ ಒಂದು ಇಡಿ. ನಿಂತುಕೊಂಡು ಇಟ್ಟರೆ ತಲೆ ಸುತ್ತಿ ಬೀಳುತ್ತಾರೆ. 5 ನಿಮಿಷದಲ್ಲಿ ನೋವು ಇಳಿಯದಿದ್ದರೆ 108ಕ್ಕೆ ಫೋನ್ ಮಾಡಿ. ಮಾತ್ರೆ ಇಲ್ಲದಿದ್ದರೆ ಕಾಯಲೇಬೇಡಿ. ನಾಳ ಹಿಂಡಿದ್ದೋ, ಮುಚ್ಚಿಕೊಂಡಿದ್ದೋ ಮನೆಯಲ್ಲಿ ತಿಳಿಯುವುದಿಲ್ಲ. ಇಸಿಜಿ ತೆಗೆದೇ ನೋಡಬೇಕು. ಮಳೆಗಾಲದಲ್ಲಿ ಕೊಪ್ಪದ ರಸ್ತೆಗೆ ಮರ ಬಿದ್ದಿರಲೂಬಹುದು. ಅದಕ್ಕೇ ಬೇಗ ಹೊರಡಬೇಕು.

ಬೀಡಿ, ಸಿಗರೇಟು ನಾಳವನ್ನು ಹಿಂಡಿಸುತ್ತವೆ. ಚಳಿಯೂ ಹಿಂಡಿಸುತ್ತದೆ. ನಸುಕಿನಲ್ಲಿ ಬರಿ ಮೈಯಲ್ಲಿ ಅಂಗಳಕ್ಕೆ ಹೋಗಲು ಬಿಡಬೇಡಿ. "ಈಗ ಹುಷಾರಾಗಿದ್ದೇನೆ" ಅಂತ ಮಾತ್ರೆ ನಿಲ್ಲಿಸುವವರು ಬಹಳ. ನಾಳ ಸಡಿಲಿಸುವ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ನೋವು ಮತ್ತೆ ಬರಬಹುದು.

ನೋವು ತಾನಾಗಿಯೇ ಹೋದರೂ ಆ ದಿನವೇ ಆಸ್ಪತ್ರೆಗೆ ಹೋಗಿ. ನೀವು ಈಗ ಬರೆಯಲು ಕಲಿತಿದ್ದೀರಿ. ಹಾಲಿನ ಲೆಕ್ಕ ಬರೆಯುವ ಹಾಗೆ ಕ್ಯಾಲೆಂಡರಿನಲ್ಲಿ ಬರೆಯಿರಿ: ಎಷ್ಟು ಗಂಟೆಗೆ ಬಂತು, ಎಷ್ಟು ನಿಮಿಷ ಇತ್ತು, ಮಾತ್ರೆಗೆ ಇಳಿಯಿತೋ ಇಲ್ಲವೋ. ನೋವು ಹೋದ ಮೇಲೆ ಇಸಿಜಿಯಲ್ಲಿ ಏನೂ ಕಾಣದೆ ಇರಬಹುದು. ಆಗ ಆ ಕ್ಯಾಲೆಂಡರನ್ನೇ ಡಾಕ್ಟರಿಗೆ ತೋರಿಸಿ.